ಕಳೆಯದೇ ಉಳಿದ ಡಾರ್ಕ್: ಕ್ಯಾಲಿಬ್ರೇಶನ್ ಸಾಫ್ಟ್‌ವೇರಿನ ಒಂದು ಅಪ್‌ಡೇಟ್ ಕುರಿತ ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದದ್ದು ಕರ್ನಾಟಕದ ಹವ್ಯಾಸಿ ಖಗೋಳ ಛಾಯಾಗ್ರಾಹಕರ ಒಂದು ಸಣ್ಣ ಬಳಗದಲ್ಲಿ. ಸಂಬಂಧಪಟ್ಟ ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಕ್ಯಾಮೆರಾದ ಮಾದರಿ, ಸಾಫ್ಟ್‌ವೇರಿನ ಹೆಸರು ಯಾವುದನ್ನೂ ಇಲ್ಲಿ ಹೇಳಿಲ್ಲ. ಒಬ್ಬರನ್ನು ಹಿರಿಯರೆಂದೂ ಇನ್ನೊಬ್ಬರನ್ನು ಕಿರಿಯರೆಂದೂ ಕರೆದಿದ್ದೇನೆ. ಸಾಫ್ಟ್‌ವೇರಿನ ಹೆಸರನ್ನು ಬಿಟ್ಟಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಇಲ್ಲಿ ಎದುರಾದ ತೊಡಕು ಒಂದೇ ಸಾಫ್ಟ್‌ವೇರಿಗೆ ಅಂಟಿಕೊಂಡದ್ದಲ್ಲ, ಖಗೋಳ ಚಿತ್ರಗಳನ್ನು ಇಡಲು ಬಳಸುವ ಫಿಟ್ಸ್ ಎಂಬ ಮಾದರಿಯ ಫೈಲ್‌ಗಳನ್ನು ಓದಿ ಬರೆಯುವ ಯಾವುದೇ ಎರಡು ಸಾಫ್ಟ್‌ವೇರುಗಳ ನಡುವೆ, ಅಥವಾ ಒಂದೇ ಸಾಫ್ಟ್‌ವೇರಿನ ಎರಡು ಆವೃತ್ತಿಗಳ ನಡುವೆ, ತಲೆದೋರಬಹುದಾದದ್ದು.

ಹಿನ್ನೆಲೆ

ಇಬ್ಬರೂ ಒಂದೇ ದೂರದರ್ಶಕವನ್ನೂ ಒಂದೇ ಕ್ಯಾಮೆರಾವನ್ನೂ ಹಂಚಿಕೊಂಡಿದ್ದರು. ಕಿರಿಯರು ಮಲೆನಾಡಿನ ಅಂಚಿನ ಒಂದು ತೋಟದಲ್ಲಿ, ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಚಿತ್ರ ತೆಗೆಯುತ್ತಿದ್ದರು. ಹಿರಿಯರು ನಗರದ ತಮ್ಮ ಮನೆಯಲ್ಲಿ ಡಾರ್ಕ್ (ಮುಚ್ಚಳ ಹಾಕಿ ತೆಗೆದ ಚಿತ್ರ) ಮತ್ತು ಬಯಾಸ್‌ಗಳನ್ನು (ಮುಚ್ಚಳ ಹಾಕಿ ಅತಿ ಕಡಿಮೆ ಅವಧಿಯಲ್ಲಿ ತೆಗೆದ ಚಿತ್ರ) ತೆಗೆದು, ಅವುಗಳ ಸರಾಸರಿಯಿಂದ ಮಾಸ್ಟರ್ ಫೈಲ್‌ಗಳನ್ನು ಮಾಡಿ, ಇಬ್ಬರ ಕಂಪ್ಯೂಟರಿಗೂ ತಾನಾಗಿ ಹರಿದು ಬರುವ ಒಂದು ಹಂಚಿಕೆಯ ಫೋಲ್ಡರಿನಲ್ಲಿ ಇಡುತ್ತಿದ್ದರು. ಎರಡು ವರ್ಷಗಳಿಂದ ಈ ಏರ್ಪಾಡು ಯಾವ ತಕರಾರೂ ಇಲ್ಲದೆ ನಡೆದಿತ್ತು.

ಆ ಚಳಿಗಾಲದ ಗುರಿ ಮೆಸ್ಸಿಯೇ 78. ಮಹಾವ್ಯಾಧನ ನಡುಪಟ್ಟಿಗೆ ಹತ್ತಿರದಲ್ಲಿರುವ ಈ ನೀಹಾರಿಕೆಯನ್ನು 1780ರಲ್ಲಿ ಪಿಯರ್ ಮೆಶೆನ್ ಕಂಡದ್ದು. ಅದು ತಾನಾಗಿ ಹೊಳೆಯುವುದಲ್ಲ, ಒಳಗಿನ ನಕ್ಷತ್ರಗಳ ಬೆಳಕನ್ನು ದೂಳು ಚದುರಿಸುವುದರಿಂದ ಕಾಣುವಂಥದ್ದು. ಅದರ ಸುತ್ತ ಹಬ್ಬಿರುವ ಕಂದು ದೂಳಿನ ಎಳೆಗಳೇ ಆ ಚಿತ್ರದ ಜೀವ, ಮತ್ತು ಅವು ಆಕಾಶದ ಹಿನ್ನೆಲೆಗಿಂತ ತುಸುವೇ ಭಿನ್ನ. ಹಿನ್ನೆಲೆಯಲ್ಲಿ ಸಣ್ಣದೊಂದು ಏರುಪೇರಾದರೂ ದೂಳು ಯಾವುದು, ದೋಷ ಯಾವುದು ಎಂದು ಬೇರ್ಪಡಿಸಲಾಗದು. ಕ್ಯಾಲಿಬ್ರೇಶನ್, ಅಂದರೆ ಉಪಕರಣದಿಂದ ಬಂದ ದೋಷಗಳನ್ನು ಚಿತ್ರದಿಂದ ತೆಗೆಯುವ ಕೆಲಸ, ಎಷ್ಟು ಕರಾರುವಾಕ್ಕಾಗಿದೆ ಎಂಬುದನ್ನು ಇಂಥ ಗುರಿಯೇ ನಿಷ್ಠುರವಾಗಿ ಹೊರಗೆಡಹುತ್ತದೆ.

ಹೊಸಬರಿಗಾಗಿ ಒಂದು ಮಾತು. ಕ್ಯಾಮೆರಾ ಕೊಡುವ ಪ್ರತಿ ಲೈಟ್‌ನಲ್ಲಿ, ಅಂದರೆ ಆಕಾಶದ ಚಿತ್ರದಲ್ಲಿ, ಆಕಾಶದ ಬೆಳಕಿನ ಜೊತೆ ಕ್ಯಾಮೆರಾ ತಾನಾಗಿ ಸೇರಿಸಿದ ಒಂದು ಮೊತ್ತವಿರುತ್ತದೆ: ಬೇಕೆಂದೇ ಕೂಡಿಸಿದ ಆಫ್‌ಸೆಟ್ ಎಂಬ ಸ್ಥಿರ ಅಂಕಿ, ಸೆನ್ಸರಿನ ಶಾಖದಿಂದ ಹುಟ್ಟುವ ಸಂಕೇತ, ಕೆಲವು ಸಿಮಾಸ್ ಸೆನ್ಸರುಗಳ ಅಂಚಿನಲ್ಲಿ ಕಾಣುವ ಆ್ಯಂಪ್ ಗ್ಲೋ ಎಂಬ ಹೊಳಪು. ಮುಚ್ಚಳ ಹಾಕಿ, ಅದೇ ಅವಧಿ, ಅದೇ ಗೇನ್ (ಸಂಕೇತವನ್ನು ಹಿಗ್ಗಿಸುವ ಮಟ್ಟ), ಅದೇ ಆಫ್‌ಸೆಟ್, ಅದೇ ತಾಪಮಾನದಲ್ಲಿ ತೆಗೆದ ಡಾರ್ಕ್‌ಗಳನ್ನು ಕಳೆದು ಇದನ್ನು ನಿವಾರಿಸುತ್ತೇವೆ. ಇನ್ನು ಮಸೂರ ಮೂಲೆಗಳಿಗೆ ಕಡಿಮೆ ಬೆಳಕು ತಲುಪಿಸುವುದು, ಗಾಜಿನ ಮೇಲಿನ ದೂಳಿನ ಕಣ ನೆರಳು ಬೀಳಿಸುವುದು ಇವೆಲ್ಲ ಗುಣಾಕಾರದ ದೋಷಗಳು. ಎಲ್ಲೆಡೆ ಸಮನಾಗಿ ಬೆಳಗಿದ ಮೇಲ್ಮೈಯ ಚಿತ್ರವಾದ ಫ್ಲ್ಯಾಟ್‌ನಿಂದ ಭಾಗಿಸಿ ಇವನ್ನು ಸರಿಪಡಿಸುತ್ತೇವೆ. ಮೊದಲು ಕಳೆಯಬೇಕು, ಆಮೇಲೆ ಭಾಗಿಸಬೇಕು. ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದೇ ಮುಂದಿನ ಕಥೆ.

ಸಮಸ್ಯೆ

ಜನವರಿಯ ಎರಡು ರಾತ್ರಿಗಳಲ್ಲಿ ತಲಾ 300 ಸೆಕೆಂಡಿನ 58 ಮತ್ತು 64 ಲೈಟ್‌ಗಳು ಸಿಕ್ಕವು. ಕಿರಿಯರು ಅವನ್ನು ಆಗಲೇ ಕ್ಯಾಲಿಬ್ರೇಟ್ ಮಾಡಿ ಇಟ್ಟುಕೊಂಡರು. ಫೆಬ್ರವರಿಯ ಅಮಾವಾಸ್ಯೆಯಲ್ಲಿ ಇನ್ನೂ 47 ಸೇರಿದವು. ಒಟ್ಟು 169 ಲೈಟ್, ಹದಿನಾಲ್ಕು ಗಂಟೆಗೂ ತುಸು ಹೆಚ್ಚಿನ ಬೆಳಕು. ಎಲ್ಲವನ್ನೂ ಒಂದೇ ಚಿತ್ರವಾಗಿ ಸ್ಟ್ಯಾಕ್ ಮಾಡಿ, ಮಸುಕಾದದ್ದೂ ಕಾಣುವಂತೆ ಸ್ಟ್ರೆಚ್ ಮಾಡಿದಾಗ ನಡುವೆ ಕಪ್ಪಾಗಿ, ನಾಲ್ಕು ಮೂಲೆಗಳಲ್ಲಿ ಬೆಳ್ಳಗೆ ಉಬ್ಬಿದ ಹಿನ್ನೆಲೆ ಕಂಡಿತು. ದೂಳಿನ ಎಳೆಗಳು ಆ ಉಬ್ಬಿನಲ್ಲಿ ಮುಳುಗಿಹೋಗಿದ್ದವು.

ಮೂಲೆಗಳು ಹೀಗೆ ಬೆಳ್ಳಗಾದರೆ ಫ್ಲ್ಯಾಟ್ ಹೆಚ್ಚಾಗಿ ತಿದ್ದಿದೆ ಎಂದು ನಾವೆಲ್ಲ ಹೇಳುತ್ತೇವೆ. ಕಿರಿಯರೂ ಹಾಗೆಯೇ ಅಂದುಕೊಂಡರು. ಫೆಬ್ರವರಿಯ ಆ ರಾತ್ರಿ ಇಬ್ಬನಿ ಜೋರಾಗಿತ್ತು. ಬೆಳಗಿನ ಜಾವ ಫ್ಲ್ಯಾಟ್ ತೆಗೆಯುವಾಗ ಗಾಜಿನ ಮೇಲೆ ತೇವವಿದ್ದಿರಬೇಕು ಎಂದು ಅವರಿಗೆ ತೋರಿದ್ದು ಸಹಜವೇ.

ಅವರಿಗೆ ನೆನಪಾಗದೇ ಹೋದದ್ದು ಒಂದು. ಎರಡು ಅಮಾವಾಸ್ಯೆಗಳ ನಡುವೆ ಹಿರಿಯರು ತಮ್ಮ ಕಂಪ್ಯೂಟರಿನಲ್ಲಿ ಕ್ಯಾಲಿಬ್ರೇಶನ್ ಸಾಫ್ಟ್‌ವೇರನ್ನು ಹೊಸ ಆವೃತ್ತಿಗೆ ಏರಿಸಿದ್ದರು, ಹೊಸ ಆವೃತ್ತಿಯಲ್ಲೇ ಮಾಸ್ಟರ್‌ಗಳನ್ನು ಮತ್ತೆ ಕಟ್ಟಿದ್ದರು, ಹಳೆಯ ಹೆಸರಿನಲ್ಲೇ ಹಳೆಯವುಗಳ ಜಾಗದಲ್ಲಿ ಇಟ್ಟಿದ್ದರು. ಹಾಗೆ ಮಾಡಿದ್ದನ್ನು ಅವರು ತಿಳಿಸಿಯೂ ಇದ್ದರು. ಕಿರಿಯರ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಆವೃತ್ತಿಯೇ ಇತ್ತು. ತೋಟದಲ್ಲಿ ನೆಟ್‌ವರ್ಕ್ ದುರ್ಬಲ. ಕೆಲಸ ಮಾಡುತ್ತಿರುವುದನ್ನು ಹಂಗಾಮಿನ ನಡುವೆ ಮುಟ್ಟಬಾರದೆಂಬುದು ಅವರ ನಿಲುವು. ಬಿಡಿಯಾಗಿ ನೋಡಿದರೆ ಇಬ್ಬರ ತೀರ್ಮಾನವೂ ತಪ್ಪಲ್ಲ. ಎರಡೂ ಕೂಡಿದಲ್ಲಿ ತೊಂದರೆ ಹುಟ್ಟಿತು.

ಮಾಡಿದ ಪ್ರಯತ್ನಗಳು

ಮೊದಲನೆಯದಾಗಿ ಕಿರಿಯರು ಗ್ರೇಡಿಯಂಟ್ (ಹಿನ್ನೆಲೆಯ ಬೆಳಕಿನ ನಿಧಾನವಾದ ಏರಿಳಿತ) ತೆಗೆಯುವ ಸಾಧನವನ್ನು ಬಳಸಿದರು. ಮೂಲೆಗಳ ಉಬ್ಬು ಬಹುಮಟ್ಟಿಗೆ ಹೋಯಿತು. ಅದರೊಂದಿಗೆ ದೂಳೂ ಹೋಯಿತು, ಏಕೆಂದರೆ ಚಿತ್ರದ ಉದ್ದಗಲಕ್ಕೆ ಹರಡಿದ ಮಸುಕಾದ ದೂಳನ್ನೂ ದೋಷದ ಉಬ್ಬನ್ನೂ ಬೇರೆ ಮಾಡಿ ನೋಡುವ ಶಕ್ತಿ ಆ ಸಾಧನಕ್ಕಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಹೆಜ್ಜೆಯೇ ಪತ್ತೆಯನ್ನು ಅತಿ ಹೆಚ್ಚು ತಡಮಾಡಿತು. ಗ್ರೇಡಿಯಂಟ್ ತೆಗೆಯುವುದು ಬಾನಿನ ಬೆಳಕಿನ ಮಾಲಿನ್ಯಕ್ಕೆ ಮದ್ದು. ಕ್ಯಾಲಿಬ್ರೇಶನ್ ಕೆಟ್ಟಿರುವಾಗ ಅದನ್ನು ಹಚ್ಚಿದರೆ ರೋಗದ ಗುರುತು ಮಾಸುತ್ತದೆ, ರೋಗ ಹಾಗೆಯೇ ಉಳಿಯುತ್ತದೆ.

ಎರಡನೆಯದಾಗಿ ಅವರು ಫ್ಲ್ಯಾಟ್‌ಗಳನ್ನು ಮತ್ತೆ ತೆಗೆದರು. ಅಷ್ಟರಲ್ಲಿ ಉಪಕರಣವನ್ನು ಬಿಚ್ಚಿ ಮನೆಗೆ ತಂದಾಗಿತ್ತು. ಕ್ಯಾಮೆರಾ ತಿರುಗಿದ ಕೋನ, ಫೋಕಸ್, ಗಾಜಿನ ಮೇಲಿನ ದೂಳಿನ ಜಾಗ ಎಲ್ಲವೂ ಬದಲಾಗಿದ್ದವು. ಹೊಸ ಫ್ಲ್ಯಾಟ್‌ನಿಂದ ಭಾಗಿಸಿದಾಗ ಮೂಲೆಗಳು ಬೆಳ್ಳಗೇ ಉಳಿದವು. ಮೇಲಿಂದ, ಇಲ್ಲದ ದೂಳಿನ ಕಣಗಳ ಬಳೆಗಳಂಥ ಬೆಳ್ಳನೆಯ ಗುರುತುಗಳು ಚಿತ್ರದ ತುಂಬ ಮೂಡಿದವು. ಪುಣ್ಯಕ್ಕೆ, ಆ ರಾತ್ರಿಯ ಮೂಲ ಫ್ಲ್ಯಾಟ್‌ಗಳನ್ನು ಅವರು ಅಳಿಸಿರಲಿಲ್ಲ.

ಮೂರನೆಯ ಪ್ರಯತ್ನ ಸರಿಯಾದ ದಿಕ್ಕಿನದು. ಮೂರು ರಾತ್ರಿಗಳನ್ನು ಬೇರೆ ಬೇರೆಯಾಗಿ ಸ್ಟ್ಯಾಕ್ ಮಾಡಿದಾಗ ಜನವರಿಯ ಎರಡೂ ಸ್ವಚ್ಛವಾಗಿದ್ದವು, ಫೆಬ್ರವರಿಯದ್ದು ಮಾತ್ರ ಕೆಟ್ಟಿತ್ತು. ಆದರೆ ಅದರಿಂದ ಅವರು ಎಳೆದ ತೀರ್ಮಾನ, ಇಬ್ಬನಿಯ ಅನುಮಾನ ನಿಜವಾಯಿತು ಎಂಬುದು. ಆ 47 ಲೈಟ್‌ಗಳನ್ನು ಕೈಬಿಟ್ಟು ಜನವರಿಯ ಹತ್ತು ಗಂಟೆಗಳಲ್ಲೇ ಚಿತ್ರ ಮುಗಿಸೋಣ ಎಂಬಲ್ಲಿಗೆ ಮಾತು ಬಂದಾಗ ಅವರು ನನಗೂ ಹಿರಿಯರಿಗೂ ಫೈಲ್‌ಗಳನ್ನು ಕಳುಹಿಸಿದರು. ಹೊತ್ತು ಹೋದದ್ದು ಸುಮಾರು ಮೂರು ವಾರ.

ತಿರುವು

ಫೆಬ್ರವರಿಯ ಸ್ಟ್ಯಾಕ್ ತೆರೆದಾಗ ನನ್ನ ಕಣ್ಣು ಹೋದದ್ದು ಮೂಲೆಗಳತ್ತ ಅಲ್ಲ, ಬಲ ಅಂಚಿನತ್ತ. ಅಲ್ಲಿ ಒಳಮುಖವಾಗಿ ಚಾಚಿದ ಬೆಳಕಿನ ಒಂದು ನಾಲಿಗೆ ಇತ್ತು. ಈ ಕ್ಯಾಮೆರಾದ ಯಾವ ಡಾರ್ಕ್ ತೆರೆದರೂ ಕಾಣುವ ಆ್ಯಂಪ್ ಗ್ಲೋ ಅದು. ಫ್ಲ್ಯಾಟ್ ಎಷ್ಟೇ ಕೆಟ್ಟಿರಲಿ, ಅದು ಆ್ಯಂಪ್ ಗ್ಲೋವನ್ನು ತಂದು ಕೂರಿಸಲಾರದು. ಡಾರ್ಕ್ ಕಳೆದಿದ್ದರೆ ಅದು ಇರಲೂ ಕೂಡದು. ಇಬ್ಬನಿಯ ವಾದ ಅಲ್ಲಿಗೆ ಮುಗಿಯಿತು.

ಸಾಫ್ಟ್‌ವೇರಿನ ಲಾಗ್ ನೋಡಿದರೆ ಮಾಸ್ಟರ್ ಡಾರ್ಕ್ ಕಳೆಯಲಾಗಿದೆ ಎಂದು 47 ಬಾರಿಯೂ ಬರೆದಿತ್ತು. ಆಗ ಮೂವರೂ ಫೋನಿನಲ್ಲಿ ಕುಳಿತು, ಎಲ್ಲ ಹಂತಗಳನ್ನೂ ಒಟ್ಟಿಗೆ ನಡೆಸುವ ಬದಲು ಒಂದೇ ಲೈಟ್ ತೆಗೆದುಕೊಂಡು, ಫ್ಲ್ಯಾಟ್ ಬಿಟ್ಟು, ಡಾರ್ಕ್ ಮಾತ್ರ ಕಳೆಯಲು ಹೇಳಿದೆವು. ಕಿರಿಯರು ಚಿತ್ರದ ನಡುಭಾಗದ ಒಂದು ಪಿಕ್ಸೆಲ್ ಆರಿಸಿ ಅದರ ಬೆಲೆ ಓದಿದರು. ಕಳೆಯುವ ಮುನ್ನ 912.

“ಸರ್, ಕಳೆದ ಮೇಲೂ ಹಾಗೇ ಇದೆ.”

“ಹಾಗೇ ಅಂದರೆ ಎಷ್ಟು, ಸರಿಯಾಗಿ ಓದಪ್ಪ.”

“911.99.”

ಫೋನಿನಲ್ಲಿ ಕೆಲ ಕ್ಷಣ ಯಾರೂ ಮಾತಾಡಲಿಲ್ಲ. ಹಿರಿಯರು ತಾವಾಗಿ ಕೇಳಿದರು: ಮಾಸ್ಟರ್ ಡಾರ್ಕ್‌ನ ಮಧ್ಯಾಂಕ ಎಷ್ಟು ತೋರಿಸುತ್ತಿದೆ? ಉತ್ತರ 0.0078. ಅದೇ ಫೈಲಿನ ಜನವರಿಯ ಪ್ರತಿ ಹಿರಿಯರ ಬ್ಯಾಕಪ್ಪಿನಲ್ಲಿತ್ತು. ಅದರ ಮಧ್ಯಾಂಕ 512. ಐನೂರ ಹನ್ನೆರಡನ್ನು 65535ರಿಂದ ಭಾಗಿಸಿದರೆ ಸಿಗುವುದು ಅದೇ 0.0078.

ಏನು ನಡೆದಿತ್ತು

ಹದಿನಾರು ಬಿಟ್‌ನ ಚಿತ್ರದಲ್ಲಿ ಬೆಲೆಗಳು 0ರಿಂದ 65535ರವರೆಗೆ ಇರುತ್ತವೆ. ಹಲವು ಚಿತ್ರಗಳ ಸರಾಸರಿಯಾದ ಮಾಸ್ಟರ್‌ನಲ್ಲಿ ದಶಮಾಂಶ ಉಳಿಯಬೇಕಾದ್ದರಿಂದ ಅದನ್ನು 32 ಬಿಟ್‌ನ ಫ್ಲೋಟ್ ಆಗಿ ಬರೆಯುತ್ತಾರೆ. ಹಳೆಯ ಆವೃತ್ತಿ ಫ್ಲೋಟ್‌ನಲ್ಲೂ 0ರಿಂದ 65535ರ ಅಳತೆಯನ್ನೇ ಉಳಿಸಿಕೊಳ್ಳುತ್ತಿತ್ತು. ಹೊಸದು 0ರಿಂದ 1ರ ಅಳತೆಗೆ ಬದಲಾಗಿತ್ತು. ಎರಡೂ ಪದ್ಧತಿಗಳು ಈ ಕ್ಷೇತ್ರದಲ್ಲಿ ಬಳಕೆಯಲ್ಲಿವೆ, ಎರಡೂ ಸರಿ. 1981ರಲ್ಲಿ ಪ್ರಕಟವಾದಂದಿನಿಂದ ಫಿಟ್ಸ್ ಪದ್ಧತಿ ಹಳೆಯ ಫೈಲ್ ಎಂದಿಗೂ ಓದಲಾಗದಂತೆ ಆಗಕೂಡದು ಎಂಬ ನಿಯಮವನ್ನು ಕಾಪಾಡಿಕೊಂಡು ಬಂದಿದೆ; ಆದರೆ ಫ್ಲೋಟ್ ಬೆಲೆಗಳು ಇಂಥ ಮಿತಿಯೊಳಗೇ ಇರಬೇಕೆಂದು ಅದು ವಿಧಿಸುವುದಿಲ್ಲ. ಎರಡೂ ಮಾಸ್ಟರ್‌ಗಳ ಹೆಡರನ್ನು, ಅಂದರೆ ಫೈಲಿನ ಆರಂಭದ ವಿವರಗಳ ಸಾಲುಗಳನ್ನು, ಅಕ್ಕಪಕ್ಕ ಇಟ್ಟು ನೋಡಿದೆವು. ಪಿಕ್ಸೆಲ್ ಬೆಲೆಯ ಬಗೆಯನ್ನು ಹೇಳುವ ಬಿಟ್‌ಪಿಕ್ಸ್ ಎರಡರಲ್ಲೂ ಮೈನಸ್ 32, ಅಂದರೆ 32 ಬಿಟ್ ಫ್ಲೋಟ್. ಅವಧಿ 300, ತಾಪಮಾನ ಮೈನಸ್ 10, ಗೇನ್ ಒಂದೇ. ಅಳತೆ ಬದಲಾಗಿದೆ ಎಂದು ಹೇಳುವ ಒಂದು ಸಾಲೂ ಇರಲಿಲ್ಲ.

ಹೊಸ ಆವೃತ್ತಿಗೆ ಹಳೆಯ ಮಾಸ್ಟರ್ ಕೊಟ್ಟರೆ, ಬೆಲೆಗಳು 1ನ್ನು ಮೀರಿರುವುದನ್ನು ಕಂಡು ತಾನೇ 65535ರಿಂದ ಭಾಗಿಸಿಕೊಳ್ಳುತ್ತಿತ್ತು. ಹಳೆಯ ಆವೃತ್ತಿಗೆ ಹೊಸ ಮಾಸ್ಟರ್ ಕೊಟ್ಟರೆ ಇದ್ದದ್ದನ್ನು ಇದ್ದಂತೆ ತೆಗೆದುಕೊಳ್ಳುತ್ತಿತ್ತು. ಹೊಸದಕ್ಕೆ ಹಳೆಯದು ಅರ್ಥವಾಗುತ್ತಿತ್ತು, ಹಳೆಯದಕ್ಕೆ ಹೊಸದು ಅರ್ಥವಾಗುತ್ತಿರಲಿಲ್ಲ. ಹಿರಿಯರು ಅಪ್‌ಡೇಟ್ ಮಾಡಿದ ದಿನ ಪರೀಕ್ಷೆ ಮಾಡದೆ ಬಿಟ್ಟವರಲ್ಲ. ಜನವರಿಯ ಒಂದು ಲೈಟನ್ನು ಹೊಸ ಮಾಸ್ಟರ್‌ನಿಂದಲೂ ಹಳೆಯ ಮಾಸ್ಟರ್‌ನಿಂದಲೂ ಕ್ಯಾಲಿಬ್ರೇಟ್ ಮಾಡಿ, ಎರಡೂ ಒಂದೇ ಎಂದು ನೋಡಿಯೇ ಫೋಲ್ಡರಿಗೆ ಹಾಕಿದ್ದರು. ಆದರೆ ಆ ಪರೀಕ್ಷೆ ನಡೆದದ್ದು ಒಂದೇ ಕಂಪ್ಯೂಟರಿನಲ್ಲಿ. ಆ ಫೋಲ್ಡರನ್ನು ಓದುವ ಇನ್ನೊಂದು ಯಂತ್ರದಲ್ಲಿ ಯಾವ ಆವೃತ್ತಿ ಇದೆ ಎಂಬ ಪ್ರಶ್ನೆಯನ್ನು ನಾವ್ಯಾರೂ ಕೇಳಿರಲಿಲ್ಲ.

ಅಳತೆ ಅದಲುಬದಲಾಗಿದ್ದರೆ, ಅಂದರೆ 0ರಿಂದ 1ರ ಲೈಟ್‌ನಿಂದ 512 ಕಳೆದಿದ್ದರೆ, ಇಡೀ ಚಿತ್ರ ಕಪ್ಪಾಗಿ ಮೊದಲ ನಿಮಿಷದಲ್ಲೇ ಎಲ್ಲರಿಗೂ ತಿಳಿಯುತ್ತಿತ್ತು. ಇಲ್ಲಿ ಕಳೆದದ್ದು ಬಹುಮಟ್ಟಿಗೆ ಸೊನ್ನೆಯಾದ್ದರಿಂದ ಚಿತ್ರ ಚಿತ್ರದಂತೆಯೇ ಕಂಡಿತು. ಮೂಲೆಗಳು ಬೆಳ್ಳಗಾದದ್ದು ಹೇಗೆಂಬುದನ್ನು ಇದೇ ಅಂಕಿಗಳಲ್ಲಿ ನೋಡಬಹುದು. ನಡುಭಾಗದಲ್ಲಿ 912: ಅದರಲ್ಲಿ ಕ್ಯಾಮೆರಾದ ಪಾಲು 512, ಆಕಾಶದ ಪಾಲು 400. ಮೂಲೆಗೆ ತಲುಪುವುದು ನಡುವಿನ ಶೇಕಡಾ 70ರಷ್ಟು ಬೆಳಕು. ಆದ್ದರಿಂದ ಅಲ್ಲಿ ಆಕಾಶದ ಪಾಲು 280, ಒಟ್ಟು 792. ಡಾರ್ಕ್ ಕಳೆದು ಭಾಗಿಸಿದ್ದರೆ ನಡುವೆ 400, ಮೂಲೆಯಲ್ಲಿ 280ನ್ನು 0.7ರಿಂದ ಭಾಗಿಸಿ ಮತ್ತೆ 400. ಡಾರ್ಕ್ ಕಳೆಯದೆ ಭಾಗಿಸಿದಾಗ ನಡುವೆ 912 ಹಾಗೆಯೇ ಉಳಿಯುತ್ತದೆ, ಮೂಲೆಯ 792 ಮಾತ್ರ 1,120ರ ಆಚೆಗೆ ಏರುತ್ತದೆ. ಬೆಳಕಿನ ಕೊರತೆಯಿಂದ ಎಂದೂ ಕುಗ್ಗದ ಕ್ಯಾಮೆರಾದ ಪಾಲನ್ನೂ ಫ್ಲ್ಯಾಟ್ ಕುಗ್ಗಿದ್ದೆಂದು ತಿಳಿದು ಹಿಗ್ಗಿಸಿಬಿಟ್ಟಿತು. ಫ್ಲ್ಯಾಟ್‌ನಿಂದ ಕಳೆಯಬೇಕಾದ ಮಾಸ್ಟರ್ ಬಯಾಸ್ ಕೂಡ ಹೊಸ ಅಳತೆಯದೇ ಆಗಿತ್ತು. ಆದರೆ ಫ್ಲ್ಯಾಟ್‌ನ ಬೆಲೆಗಳು 26,000ದ ಸುತ್ತ ಇದ್ದುದರಿಂದ ಅಲ್ಲಿನ ತಪ್ಪು ಶೇಕಡಾ ಒಂದಕ್ಕೂ ಕಡಿಮೆ. ಫ್ಲ್ಯಾಟ್ ಮೊದಲಿಂದಲೂ ಚೆನ್ನಾಗಿಯೇ ಇತ್ತು.

ತೀರ್ಮಾನಗಳು

ದೋಷ ಗೊತ್ತಾದ ಮೇಲೆ ಮೂರು ದಾರಿಗಳಿದ್ದವು. ಹೊಸ ಮಾಸ್ಟರ್‌ಗಳನ್ನು 65535ರಿಂದ ಗುಣಿಸಿ ಹಳೆಯ ಅಳತೆಗೆ ತರುವುದು. ಕಿರಿಯರ ಲ್ಯಾಪ್‌ಟಾಪನ್ನೂ ಅಪ್‌ಡೇಟ್ ಮಾಡಿ ಎಲ್ಲ 169 ಲೈಟ್‌ಗಳನ್ನು ಹೊಸದರಲ್ಲಿ ಮತ್ತೆ ನಡೆಸುವುದು. ಅಥವಾ ಹಳೆಯ ಮಾಸ್ಟರ್‌ಗಳನ್ನು ಹಿಂದಕ್ಕೆ ತಂದು ಈ ಚಿತ್ರವನ್ನು ಹಳೆಯ ಆವೃತ್ತಿಯಲ್ಲೇ ಮುಗಿಸುವುದು. ಗುಣಿಸುವುದು ಗಣಿತದ ದೃಷ್ಟಿಯಿಂದ ಪೂರ್ತಿ ಸರಿ, 32 ಬಿಟ್ ಫ್ಲೋಟ್‌ನಲ್ಲಿ ಲೆಕ್ಕಕ್ಕೆ ಬರುವಂಥ ನಷ್ಟವೂ ಇಲ್ಲ. ಪತ್ತೆಯನ್ನು ಖಚಿತಪಡಿಸಿಕೊಳ್ಳಲು ಆಸ್ಟ್ರೋಪೈ ಎಂಬ ಖಗೋಳ ಲೆಕ್ಕದ ಲೈಬ್ರರಿ ಬಳಸಿ ನಾಲ್ಕು ಸಾಲಿನ ಪೈಥಾನ್‌ನಲ್ಲಿ ಅದನ್ನೇ ಮಾಡಿದೆವು. 912 ಸರಿಯಾಗಿ 400ಕ್ಕೆ ಇಳಿಯಿತು. ಆದರೆ ಕೈಯಿಂದ ತಿದ್ದಿದ ಮಾಸ್ಟರನ್ನು ಕಾಯಂ ಆಗಿ ಇಟ್ಟುಕೊಳ್ಳಲು ಹಿರಿಯರು ಒಪ್ಪಲಿಲ್ಲ. ಎರಡು ವರ್ಷ ಕಳೆದ ಮೇಲೆ ಯಾವುದನ್ನು ಗುಣಿಸಿದ್ದೆವು, ಯಾವುದನ್ನು ಇಲ್ಲ ಎಂದು ಯಾರಿಗೂ ನೆನಪಿರುವುದಿಲ್ಲ ಎಂಬ ಅವರ ಮಾತು ನನಗೂ ಸರಿಯೆನಿಸಿತು. ಕೊನೆಗೆ ಮೂರನೆಯ ದಾರಿ ಹಿಡಿದೆವು. ಒಂದು ಚಿತ್ರ, ಒಂದು ಆವೃತ್ತಿ.

ಇದೆಲ್ಲ ಸಾಧ್ಯವಾದದ್ದು ಹಿರಿಯರ ಬ್ಯಾಕಪ್ಪಿನಲ್ಲಿ ಜನವರಿಯ ಮಾಸ್ಟರ್‌ಗಳು ಉಳಿದಿದ್ದರಿಂದ. ಅವರು ಬಿಡಿ ಡಾರ್ಕ್‌ಗಳನ್ನೂ ಅಳಿಸಿರಲಿಲ್ಲ. ಡಿಸ್ಕಿನಲ್ಲಿ ಜಾಗವಿಲ್ಲವೆಂದು ಮಾಸ್ಟರ್ ಕಟ್ಟಿದೊಡನೆ ಬಿಡಿ ಡಾರ್ಕ್‌ಗಳನ್ನು ಬಿಸಾಡುವ ರೂಢಿ ಹಲವರಲ್ಲಿದೆ. ಮಾಸ್ಟರ್ ಎಂಬುದು ಒಂದು ಸಾಫ್ಟ್‌ವೇರ್ ತನ್ನ ಪದ್ಧತಿಯಂತೆ ಬರೆದ ಫಲಿತಾಂಶ. ಕ್ಯಾಮೆರಾದಿಂದ ಬಂದ ಹದಿನಾರು ಬಿಟ್‌ನ ಮೂಲವೇ ಆಧಾರ. ಆಧಾರ ಉಳಿದಿದ್ದರೆ ಯಾವ ಆವೃತ್ತಿಯಲ್ಲಾದರೂ ಮಾಸ್ಟರನ್ನು ಮತ್ತೆ ಕಟ್ಟಬಹುದು. ಆ ರೂಢಿಯನ್ನು ಬಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಹಿರಿಯರು ಈ ತಪ್ಪು ತಮ್ಮದೆಂದರು. ನಾನು ಹಾಗೆ ನೋಡುವುದಿಲ್ಲ. ಅದೇ ಹೆಸರಿನ ಮೇಲೆ ಹೊಸ ಫೈಲ್ ಬರೆದದ್ದು ಅವರ ಕೈಯಿಂದ ಆಯಿತು ನಿಜ, ಆದರೆ ಹಾಗೆ ಬರೆಯಬಾರದೆಂಬ ಕಟ್ಟಳೆಯನ್ನು ಬಳಗ ಎಂದೂ ಮಾಡಿರಲಿಲ್ಲ. ಈಗ ಫೋಲ್ಡರಿನ ಹೆಸರಿನಲ್ಲೇ ಆವೃತ್ತಿಯ ಸಂಖ್ಯೆ ಇದೆ, ಪ್ರತಿ ಮಾಸ್ಟರ್‌ನ ಹೆಡರಿನಲ್ಲಿ ಹಿಸ್ಟರಿ ಎಂಬ ಕೀಲಿಪದದಡಿ ಅದನ್ನು ಕಟ್ಟಿದ ಆವೃತ್ತಿಯನ್ನೂ ಅಳತೆಯ ಮಿತಿಯನ್ನೂ ಬರೆಯುತ್ತೇವೆ, ಇದ್ದ ಮಾಸ್ಟರ್ ಮೇಲೆ ಯಾರೂ ಬರೆಯುವುದಿಲ್ಲ.

ಫೆಬ್ರವರಿಯ 47 ಲೈಟ್‌ಗಳು ಮೂಲ ಫ್ಲ್ಯಾಟ್ ಮತ್ತು ಹಳೆಯ ಮಾಸ್ಟರ್‌ಗಳೊಂದಿಗೆ ಜನವರಿಯವುಗಳ ಜೊತೆ ಬೆರೆತವು. ಗ್ರೇಡಿಯಂಟ್ ಸಾಧನವನ್ನು ಬಹಳ ಹಗುರವಾಗಿ ಬಳಸಿದರೆ ಸಾಕಾಯಿತು. ನೀಹಾರಿಕೆಯ ಸುತ್ತಲಿನ ಕಂದು ಎಳೆಗಳು ಅಂಚಿನವರೆಗೂ ಕಂಡವು.

ಎರಡನೆಯ ಅಪ್‌ಡೇಟ್

ಕಿರಿಯರ ಲ್ಯಾಪ್‌ಟಾಪನ್ನೂ ಹೊಸ ಆವೃತ್ತಿಗೆ ಏರಿಸುವುದನ್ನು ಜೂನ್‌ಗೆ ಮುಂದೂಡಿದೆವು. ಮುಂಗಾರು ಹಿಡಿದರೆ ನಮ್ಮಲ್ಲಿ ತಿಂಗಳುಗಟ್ಟಲೆ ಆಕಾಶ ತೆರೆಯುವುದಿಲ್ಲ. ಏನು ಕೆಟ್ಟರೂ ಸರಿಪಡಿಸಲು ವ್ಯವಧಾನವಿರುತ್ತದೆ. ಅದಕ್ಕೆ ಮುನ್ನ ಒಂದು ಮಾದರಿ ಕಟ್ಟು ಸಿದ್ಧಮಾಡಿದೆವು: ಒಂದು ಲೈಟ್, ಅದಕ್ಕೆ ಹೊಂದುವ ಬಿಡಿ ಡಾರ್ಕ್, ಬಯಾಸ್, ಫ್ಲ್ಯಾಟ್‌ಗಳು, ಮತ್ತು ಹಳೆಯ ಆವೃತ್ತಿ ಅವುಗಳಿಂದ ಕೊಟ್ಟ ಕ್ಯಾಲಿಬ್ರೇಟ್ ಆದ ಚಿತ್ರ. ಎರಡೂ ಯಂತ್ರಗಳಲ್ಲಿ ಹೊಸ ಆವೃತ್ತಿ ಇದೇ ಮಾದರಿಯಿಂದ ಏನು ಕೊಡುತ್ತದೆ ಎಂದು ನೋಡಿ, ಅಳತೆ ಸಮಮಾಡಿ, ಒಂದರಿಂದ ಇನ್ನೊಂದನ್ನು ಕಳೆಯಬೇಕು.

ಕಿರಿಯರ ಯಂತ್ರದಲ್ಲಿ ಕಳೆದ ಚಿತ್ರದ ಮಧ್ಯಾಂಕ ಸೊನ್ನೆ ಬಂತು. ಫೆಬ್ರವರಿಯ ಅನುಭವದ ಮೇಲೆ ನಾವು ನಂಬಿದ್ದು ಅಂಕಿಯನ್ನೇ ಆದ್ದರಿಂದ ಕೆಲಸ ಮುಗಿಯಿತೆಂದೇ ತೋರಿತು. ಆದರೂ ಕಿರಿಯರು ಆ ಚಿತ್ರವನ್ನು ತೆರೆದು ಜೋರಾಗಿ ಸ್ಟ್ರೆಚ್ ಮಾಡಿ ನೋಡಿದರು. ಬಲ ಅಂಚಿನಲ್ಲಿ ಅದೇ ನಾಲಿಗೆ, ಈ ಬಾರಿ ಕಪ್ಪಾಗಿ. ಹೊಸ ಆವೃತ್ತಿ ತನ್ನ ಸೆಟ್ಟಿಂಗ್ಸ್ ಫೈಲನ್ನು ಹೊಸದಾಗಿ ಬರೆದುಕೊಂಡಿತ್ತು, ಅದರಲ್ಲಿ ಡಾರ್ಕನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸುವ ಆಯ್ಕೆ ತಾನಾಗಿ ಚಾಲೂ ಆಗಿತ್ತು. ಲಾಗ್‌ನಲ್ಲಿ ಗುಣಕ 1.07 ಎಂದಿತ್ತು. ಶಾಖದ ಸಂಕೇತ ಅವಧಿಗೆ ತಕ್ಕಂತೆ ಬೆಳೆಯುವುದರಿಂದ ಅದನ್ನು ಹಾಗೆ ಹೊಂದಿಸಬಹುದು. ಆ್ಯಂಪ್ ಗ್ಲೋ ಆ ಲೆಕ್ಕಕ್ಕೆ ಸಿಗುವುದಿಲ್ಲ. ಅಂಚಿನಲ್ಲಿ ಗ್ಲೋ 168ರಷ್ಟಿತ್ತು, ಸುಮಾರು 12 ಹೆಚ್ಚಾಗಿ ಕಳೆದುಹೋಗಿತ್ತು. ಆಕಾಶದ ಹಿನ್ನೆಲೆಯೇ 400 ಇರುವಲ್ಲಿ ಹನ್ನೆರಡೆಂದರೆ ನಾವು ಹುಡುಕುವ ದೂಳಿನ ಮಟ್ಟ. ಇಡೀ ಚಿತ್ರದ ಮಧ್ಯಾಂಕಕ್ಕೆ ಅಂಚಿನ ಆ ಪಟ್ಟಿ ತಾಗಲೇ ಇಲ್ಲ.

ಆ ಆಯ್ಕೆಯನ್ನು ಬಂದ್ ಮಾಡಿ ಮತ್ತೆ ನಡೆಸಿದರು. ಆಮೇಲೆ ಹಿರಿಯರ ಯಂತ್ರದಲ್ಲೂ ಅದೇ ಮಾದರಿ ಕಟ್ಟನ್ನು ಓಡಿಸಿದೆವು. ಅಲ್ಲಿಯೂ ಆ ಆಯ್ಕೆ ಚಾಲೂ ಇತ್ತು, ಜನವರಿಯ ಕೊನೆಯಿಂದಲೂ.